ಚೀಲ ಹಗುರಾಗಲಿ, ಯಾರೂ ಹಿಂದುಳಿಯದಿರಲಿ



ಚಳಿಗಾಲ ಬಂತೆಂದರೆ ನಮ್ಮ ಯುವಜನರ ಗುಂಪಿನಲ್ಲಿ ಕಾಲ್ನಡಿಗೆಯ ಮಾತು ಶುರುವಾಗುತ್ತದೆ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿ.ಮೀ., ಎರಡು ದಿನದ ನಡಿಗೆ. ಇನ್ನೂ ಹುರುಪಿದ್ದವರು ಹೆಚ್ಚು ದಿನದ ದಾರಿ ಹುಡುಕುತ್ತಾರೆ. ದಾರಿ ಗೊತ್ತಾಗುವ ಮೊದಲೇ ಮೊಬೈಲಿನಲ್ಲಿ ಒಂದು ಪಟ್ಟಿ ಓಡಾಡುತ್ತದೆ: 50 ಲೀಟರಿನ ರಕ್‌ಸ್ಯಾಕ್, ಟೆಂಟ್, ಸ್ಲೀಪಿಂಗ್ ಬ್ಯಾಗ್, ಟ್ರೆಕ್ಕಿಂಗ್ ಶೂ, ಪುಟ್ಟ ಗ್ಯಾಸ್ ಒಲೆ. ಕೂಡಿಸಿದರೆ ಹತ್ತು ಸಾವಿರ ರೂಪಾಯಿ ಸುಲಭವಾಗಿ ದಾಟುತ್ತದೆ.

ಅಪ್ಪ ಪವರ್‌ಲೂಮಿನಲ್ಲಿ ದುಡಿದು, ಅವ್ವ ಬೀಡಿ ಕಟ್ಟಿ ನಡೆಸುವ ಮನೆಯ ಹುಡುಗ “ನಮ್ಮ ಹತ್ರ ರೊಕ್ಕ ಇಲ್ಲ” ಎಂದು ಎಲ್ಲರೆದುರು ಹೇಳುವುದಿಲ್ಲ. “ಆವತ್ತು ಕೆಲಸ ಐತ್ರಿ, ನೀವು ಹೋಗಿ ಬರ್ರಿ” ಅನ್ನುತ್ತಾನೆ. ನಾವೂ ನಂಬಿಬಿಡುತ್ತೇವೆ.

ನಮ್ಮ ಅಭಿಪ್ರಾಯ ಇಷ್ಟೇ: ಯಾರು ನಡೆಯಬೇಕು ಎಂಬುದನ್ನು ಸಾಮಾನಿನ ಪಟ್ಟಿ ತೀರ್ಮಾನಿಸಬಾರದು. ಹಾಗೆ ತೀರ್ಮಾನಿಸುವ ಅಗತ್ಯವೂ ಇಲ್ಲ. ನಮ್ಮ ಬಯಲುಸೀಮೆಯ ದಾರಿಗೆ ಹಗುರವಾದ ಚೀಲವೇ ಅಗ್ಗದ ಚೀಲ.

ನಮ್ಮ ಸುತ್ತಲೇ ನೋಡಿ. ಆಷಾಢದಲ್ಲಿ ಆಳಂದಿ, ದೇಹುಗಳಿಂದ ಹೊರಟ ಪಾಲಖಿಗಳು ನಮ್ಮದೇ ಜಿಲ್ಲೆಯ ಪಂಢರಪುರ ಸೇರುತ್ತವೆ. ಮಳೆ ಬಂದರೆ ವಾರಕರಿಗಳು ತಲೆಗೆ ಪ್ಲಾಸ್ಟಿಕ್ ಹಾಳೆ ಹೊದ್ದು ನಡೆಯುತ್ತಾರೆ. ಭಾರದ ಸಾಮಾನು ದಿಂಡಿಯ ಟ್ರಕ್ಕಿನಲ್ಲಿ ಒಟ್ಟಿಗೆ ಹೋಗುತ್ತದೆ. ಯುಗಾದಿಗೆ ಮುಂಚೆ ಉತ್ತರ ಕರ್ನಾಟಕದ ಸಾವಿರಾರು ಜನ ಒಂದು ಗಂಟು ಹೊತ್ತು ನೂರಾರು ಕಿ.ಮೀ. ದೂರದ ಶ್ರೀಶೈಲಕ್ಕೆ ನಡೆಯುತ್ತಾರೆ. ಅವರಲ್ಲಿ ಎಷ್ಟು ಜನರ ಹತ್ತಿರ ರಕ್‌ಸ್ಯಾಕ್ ಇದೆ?

ದೂರದ ಉದಾಹರಣೆಯೂ ಇದೆ. ಅಮೆರಿಕದ ಎಮ್ಮಾ ಗೇಟ್‌ವುಡ್ ಹನ್ನೊಂದು ಮಕ್ಕಳ ತಾಯಿ. 1955ರಲ್ಲಿ, ತಮ್ಮ 67ನೇ ವಯಸ್ಸಿನಲ್ಲಿ, ಸುಮಾರು 3,300 ಕಿ.ಮೀ. ಉದ್ದದ ಅಪಲೇಶಿಯನ್ ಟ್ರೇಲನ್ನು ಒಬ್ಬರೇ ನಡೆದು ಮುಗಿಸಿದರು. ಹೆಗಲಿಗೆ ಕೈಯಲ್ಲಿ ಹೊಲಿದ ಬಟ್ಟೆ ಚೀಲ, ಕಾಲಿಗೆ ಸಾದಾ ಕ್ಯಾನ್ವಾಸ್ ಶೂ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಟೆಂಟ್ ಇರಲಿಲ್ಲ.

ಹಾಗಾದರೆ ನಾವೇನು ಮಾಡಬೇಕು? ಕೊಳ್ಳುವ ಮೊದಲು ತೂಗಬೇಕು. ಕಿರಾಣಿ ಅಂಗಡಿಯ ತಕ್ಕಡಿಯೇ ಸಾಕು. ಊಟ, ನೀರು ಬಿಟ್ಟು ಚೀಲ 4-5 ಕೆ.ಜಿ. ಮೀರಬಾರದು ಎಂದು ಗುರಿ ಇಟ್ಟುಕೊಳ್ಳಿ. ಅಷ್ಟೇ ಭಾರಕ್ಕೆ ಅಗಲ ಪಟ್ಟಿಯ ಕಾಲೇಜು ಬ್ಯಾಗು ಸಾಕು. ಸೊಂಟಪಟ್ಟಿಯ ದೊಡ್ಡ ರಕ್‌ಸ್ಯಾಕ್ ಬೇಕಾಗುವುದು ಭಾರ ಹೆಚ್ಚಾದಾಗ. ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿದರೆ ಮಳೆ ಬಂದರೂ ಬಟ್ಟೆ ಒಣಗಿಯೇ ಇರುತ್ತದೆ.

ನಮ್ಮೂರಿನ ಹೆಮ್ಮೆಯ ಎರಡು ವಸ್ತುಗಳನ್ನು ಮಾತ್ರ ಮನೆಯಲ್ಲೇ ಬಿಡಬೇಕು: ಸೊಲ್ಲಾಪುರ ಚಾದರ, ಟೆರ್ರಿ ಟಾವೆಲ್. ಎರಡಕ್ಕೂ ಜಿಐ ಮಾನ್ಯತೆ ಇದೆ, ಬಾಳಿಕೆಗೂ ಹೆಸರುವಾಸಿ. ಆದರೆ ದಪ್ಪ ಹತ್ತಿ ತೂಕ ಹೆಚ್ಚು, ನೀರು ಕುಡಿದರೆ ಬೇಗ ಒಣಗುವುದಿಲ್ಲ. ಟಾವೆಲ್ ಬದಲು ತೆಳು ಪಂಚಾ, ಚಾದರದ ಬದಲು ಹಗುರ ಫ್ಲೀಸ್ ಹೊದಿಕೆ ಸಾಕು. ರಾತ್ರಿ ಚಳಿ ನೆಲದಿಂದ ಮೈಗೆ ಏರುತ್ತದೆ, ಆದ್ದರಿಂದ ಕೆಳಗೆ ತೆಳು ಫೋಮ್ ಮ್ಯಾಟ್ ಹಾಸಿ. ಹಳ್ಳಿಯಿಂದ ಹಳ್ಳಿಗೆ ನಡೆಯುವಾಗ, ಮೊದಲೇ ಕೇಳಿಕೊಂಡರೆ ಶಾಲೆಯ ಪಡಸಾಲೆಯೋ ಸಭಾಭವನವೋ ಸಿಗುತ್ತದೆ. ಆಗ ಟೆಂಟ್ ಯಾಕೆ?

ಒಲೆಯೂ ಬೇಡ. ಖಡಕ್ ಭಾಕ್ರಿ, ಶೇಂಗಾ ಚಟ್ನಿ ಹಲವು ದಿನ ಕೆಡುವುದಿಲ್ಲ, ಬೇಯಿಸಬೇಕಿಲ್ಲ. ಪೇಟೆಯ ಟ್ರೆಕ್ಕಿಂಗ್ ಪೊಟ್ಟಣಗಳು ಮಾಡುವ ಕೆಲಸವನ್ನು ನಮ್ಮ ಅಜ್ಜಿಯರು ಎಂದೋ ಮಾಡಿಟ್ಟಿದ್ದಾರೆ.

“ಅಗ್ಗದ ಸಾಮಾನು ನಡುದಾರಿಯಲ್ಲಿ ಕೈಕೊಟ್ಟರೆ?” ಎಂದು ಮನೆಯ ಹಿರಿಯರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಮೂರು ವಿಷಯದಲ್ಲಿ ಉಳಿತಾಯ ಮಾಡಬಾರದು. ಮೊದಲನೆಯದು ಪಾದ. ದುಡ್ಡಿದ್ದರೆ ಮೊದಲು ಶೂಗೆ ಹಾಕಿ. ನಡೆದಂತೆ ಪಾದ ಊದುವುದರಿಂದ ಬೆರಳಿನ ಮುಂದೆ ಸ್ವಲ್ಪ ಜಾಗ ಇರಲಿ. ಹೊರಡುವ ಮೊದಲು ಅದೇ ಶೂನಲ್ಲಿ ಕೆಲವು ವಾರ ನಡೆದು ನೋಡಿ. ಬೆವರು ಹಿಡಿದಿಡುವ ಹತ್ತಿ ಸಾಕ್ಸ್ ಗುಳ್ಳೆ ಎಬ್ಬಿಸುತ್ತದೆ. ಎರಡನೆಯದು ನೀರು. ಒಂದು ಲೀಟರ್ ಎಂದರೆ ಒಂದು ಕೆ.ಜಿ., ನಿಜ, ಆದರೂ ನಮ್ಮ ಬಿಸಿಲಲ್ಲಿ ಎರಡು ಲೀಟರಿಗಿಂತ ಕಡಿಮೆ ಬೇಡ. ತೂಕ ಉಳಿಸಬೇಕೆಂದರೆ ಸ್ಟೀಲ್ ಬಾಟಲಿ ಬಿಟ್ಟು ಪ್ಲಾಸ್ಟಿಕ್ ಬಾಟಲಿ ಒಯ್ಯಿರಿ. ಮೂರನೆಯದು ಟಾರ್ಚು, ಓಆರ್‌ಎಸ್, ಮುಲಾಮುಪಟ್ಟಿ. ಹಿಮಾಲಯಕ್ಕೋ ಮಳೆಗಾಲದ ಸಹ್ಯಾದ್ರಿಗೋ ಹೋಗುವುದಾದರೆ ಲೆಕ್ಕವೇ ಬೇರೆ. ಅಲ್ಲಿಗೆ ಸರಿಯಾದ ಸಲಕರಣೆ ಬೇಕು, ಅದನ್ನು ಬಾಡಿಗೆಗೂ ತರಬಹುದು.

ಮಾರ್ಕನ ಶುಭಸಂದೇಶದ 6ನೇ ಅಧ್ಯಾಯ ನಮಗೆಲ್ಲ ಗೊತ್ತು. ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸುವಾಗ ಕೋಲು, ಕೆರ ಬಿಟ್ಟು ಮತ್ತೇನೂ ಬೇಡ ಎಂದರು. ಅಷ್ಟು ಹಗುರಾಗಲು ನಮ್ಮಿಂದ ಆಗದಿರಬಹುದು. ಆದರೆ ಅವರು ಇಬ್ಬಿಬ್ಬರಾಗಿ ಹೋದರು ಎಂಬುದನ್ನು ಗಮನಿಸಬೇಕು. ನಾಲ್ವರಿಗೆ ಒಂದು ಪವರ್ ಬ್ಯಾಂಕ್, ಒಂದು ಔಷಧಿ ಡಬ್ಬಿ, ಒಂದು ತಾಡಪಾಲು ಸಾಕು. ಹಂಚಿಕೊಂಡರೆ ಎಲ್ಲರ ಹೆಗಲೂ ಹಗುರ, ಎಲ್ಲರ ಖರ್ಚೂ ಕಡಿಮೆ.

ಆದ್ದರಿಂದ ನಮ್ಮ ಸಲಹೆ: ಧರ್ಮಕೇಂದ್ರದಲ್ಲಿ ಒಂದು ಸಾಮಾನ್ಯ ಪೆಟ್ಟಿಗೆ ಇಡೋಣ. ಮನೆಯಲ್ಲಿ ಸುಮ್ಮನೆ ಬಿದ್ದಿರುವ ಬ್ಯಾಗು, ಮ್ಯಾಟು, ಟಾರ್ಚು, ರೇನ್‌ಕೋಟು ಅದರಲ್ಲಿ ಹಾಕಿ. ಬೇಕಾದವರು ಒಯ್ದು, ತೊಳೆದು ತಂದಿಡಲಿ. ಯಾರು ಒಯ್ದರು ಎಂದು ಯಾರೂ ಕೇಳುವುದು ಬೇಡ. ಪಾಲಕರಲ್ಲಿ ಒಂದು ವಿನಂತಿ: ಹೊಸ ಸಾಮಾನು ಕೊಡಿಸುವ ಮೊದಲು ಆ ಪೆಟ್ಟಿಗೆಯನ್ನು ಒಮ್ಮೆ ನೋಡಿ.

ಮುಂದಿನ ನಡಿಗೆಯ ಪಟ್ಟಿಯಲ್ಲಿ ಸಾಮಾನಿಗಿಂತ ಹೆಸರುಗಳು ಹೆಚ್ಚಿರಲಿ. “ಆವತ್ತು ಕೆಲಸ ಐತ್ರಿ” ಅಂದವನ ಮನೆಗೆ ಈ ವಾರವೇ ಹೋಗಿ, “ಸಾಮಾನು ನಮ್ಮ ಹತ್ರ ಐತಿ, ನೀ ಬಾ” ಅನ್ನೋಣ.