ತವರಿನ ಎದುರಿಗೆ ನಿಂತ ದಾಂಡಿಗ

2025ರ ಜನವರಿ 18ರಂದು ವಡೋದರದಲ್ಲಿ ವಿಜಯ್ ಹಜಾರೆ ಟ್ರೋಫಿಯ ಅಂತಿಮ ಪಂದ್ಯ. ನಾಣ್ಯ ಚಿಮ್ಮಲು ಅಂಗಳದ ನಡುವೆ ಬಂದ ಇಬ್ಬರು ನಾಯಕರೂ ಬೆಂಗಳೂರಿನ ಮೈದಾನಗಳಲ್ಲಿ ಆಟ ಕಲಿತವರು. ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಕುಳಿತು ಕಾಲಿಗೆ ಪ್ಯಾಡು ಬಿಗಿದುಕೊಂಡವರು. ಒಬ್ಬರು ಕರ್ನಾಟಕದ ಮಯಾಂಕ್ ಅಗರವಾಲ್. ಎದುರಿಗೆ ನಿಂತವರು ವಿದರ್ಭದ ಕರುಣ್ ನಾಯರ್.

ಅಂದು ಕನ್ನಡ ನಾಡಿನ ಕ್ರೀಡಾಭಿಮಾನಿಗೆ ಬಂದ ಇಕ್ಕಟ್ಟು ಸಣ್ಣದಲ್ಲ. ಗೆಲುವು ಕರ್ನಾಟಕಕ್ಕೇ ಬರಲಿ, ಆದರೆ ಕರುಣ್ ಒಂದು ಶತಕವನ್ನಂತೂ ಹೊಡೆಯಲಿ ಎಂದು ಹರಸಿದವರು ಬೆಂಗಳೂರಿನಲ್ಲಿಯೂ ಇದ್ದಾರು, ಮಧುಗಿರಿ ಸೀಮೆಯ ಬಡವನಹಳ್ಳಿಯಲ್ಲಿಯೂ ಇದ್ದಾರು. ಕಂಪನಿ ಬಿಟ್ಟು ಬೇರೊಂದು ಕಂಪನಿಗೆ ಹೋದ ನಟನನ್ನು ಕುರಿತು ಬೈಯುತ್ತಲೇ ಅವನ ನಾಟಕಕ್ಕೆ ಚೀಟಿ ಕೊಳ್ಳುವುದು ಗುಬ್ಬಿಯ ಜಿಲ್ಲೆಗೆ ಹೊಸ ಸಂಗತಿಯೇನೂ ಅಲ್ಲವಷ್ಟೆ!

ಕರುಣ್ ಹುಟ್ಟಿದ್ದು ಜೋಧಪುರದಲ್ಲಿ, ಮನೆತನ ಕೇರಳದ್ದು, ಆಟಗಾರನಾಗಿ ಬೆಳೆದದ್ದು ಬೆಂಗಳೂರಿನಲ್ಲಿ. 2015ರ ಮಾರ್ಚಿಯಲ್ಲಿ ಮುಂಬಯಿಯ ವಾಂಖೆಡೆ ಅಂಗಳದಲ್ಲಿ ತಮಿಳುನಾಡಿನ ಎದುರು ರಣಜಿಯ ಅಂತಿಮ ಪಂದ್ಯದಲ್ಲಿ ಇವರು ಬಾರಿಸಿದ 328 ರನ್ನುಗಳನ್ನು ಕರ್ನಾಟಕ ಮರೆಯಲಾರದು. ಮರುವರ್ಷ, ಎಂದರೆ 2016ರ ಡಿಸೆಂಬರಿನಲ್ಲಿ, ಚೆನ್ನೈಯಲ್ಲಿ ಇಂಗ್ಲೆಂಡಿನ ಎದುರು ಔಟಾಗದೆ 303. ಟೆಸ್ಟಿನಲ್ಲಿ ತ್ರಿಶತಕ ಹೊಡೆದ ಭಾರತೀಯರಲ್ಲಿ ಅವರಿಗಿಂತ ಮೊದಲಿದ್ದವರು ವೀರೇಂದ್ರ ಸೆಹವಾಗ್ ಒಬ್ಬರೇ. ಆದರೂ ಮುಂದಿನ ಟೆಸ್ಟಿನಲ್ಲಿ ಹನ್ನೊಂದರೊಳಗೆ ಸ್ಥಾನ ಸಿಗಲಿಲ್ಲ. 2017ರ ಮಾರ್ಚಿ ಕಳೆಯಿತು. ಭಾರತ ತಂಡದ ಬಾಗಿಲು ಮುಚ್ಚಿತು.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮನೆಯೊಳಗೆ. 2022ರಲ್ಲಿ ಕರ್ನಾಟಕವೂ ಅವರನ್ನು ಕೈಬಿಟ್ಟಿತು. ಆಯ್ಕೆಗಾರರನ್ನು ಬರಿದೆ ಹಳಿಯುವುದು ನ್ಯಾಯವಲ್ಲ. ದಾಂಡು ಸೊರಗಿತ್ತು, ಎಳೆಯರು ಬಾಗಿಲಲ್ಲಿ ಕಾದು ನಿಂತಿದ್ದರು. ಹಳೆಯ 328ನ್ನು ತೋರಿಸಿ ಹೊಸ ವರ್ಷದ ಸ್ಥಾನವನ್ನು ಕೇಳುವಂತಿಲ್ಲ. ಆದರೆ ಮೂವತ್ತೊಂದರ ವಯಸ್ಸಿನಲ್ಲಿ, ಆಡುವ ಪಂದ್ಯವೊಂದೂ ಇಲ್ಲದೆ ಮನೆಯಲ್ಲಿ ಕುಳಿತವನ ದಿನಗಳು ಹೇಗೆ ಸಾಗಿರಬೇಕು? ಆ ಡಿಸೆಂಬರಿನಲ್ಲಿ ಅವರು ತನಗೆ ಇನ್ನೊಂದು ಅವಕಾಶ ಕೊಡೆಂದು ಕ್ರಿಕೆಟ್ಟನ್ನೇ ಬಹಿರಂಗವಾಗಿ ಬೇಡಿಕೊಂಡರು.

ಅವಕಾಶ ದೊರೆತದ್ದು 2023ರಲ್ಲಿ, ನಾಗಪುರದಿಂದ. ಒಂದು ರಾಜ್ಯದ ಆಟಗಾರ ನಿರಾಕ್ಷೇಪಣಾ ಪತ್ರ ಪಡೆದು ಇನ್ನೊಂದು ರಾಜ್ಯಕ್ಕೆ ಅತಿಥಿಯಾಗಿ ಆಡುವ ಪದ್ಧತಿ ನಮ್ಮ ದೇಶದಲ್ಲಿ ಬಹುಕಾಲದಿಂದ ಉಂಟು. ವಿದರ್ಭಕ್ಕಂತೂ ಅದು ಕೈಗೂಡಿದ ವಿದ್ಯೆ. ಮುಂಬಯಿ ಬಿಟ್ಟು ಬಂದ ವಾಸಿಂ ಜಾಫರ್, ಕರ್ನಾಟಕದಿಂದಲೇ ಹೋದ ದಾವಣಗೆರೆಯ ಗಣೇಶ್ ಸತೀಶ್ ಇವರನ್ನು ಕೂಡಿಸಿಕೊಂಡು ಆ ತಂಡ 2018 ಮತ್ತು 2019ರಲ್ಲಿ ರಣಜಿ ಗೆದ್ದಿತ್ತು. ಅತಿಥಿಗೆ ಅಲ್ಲಿ ಹಳೆಯ ಹೆಸರಿನ ಹೊರೆಯಿಲ್ಲ. ನಾಳೆ ಸ್ಥಾನವಿದೆಯೋ ಇಲ್ಲವೋ ಎಂಬ ಅಂಜಿಕೆಯೂ ಕಡಿಮೆ. ರನ್ನು ತರುವುದಕ್ಕೆಂದೇ ಕರೆಸಿಕೊಂಡವರು ಎರಡು ಸೋಲಿಗೆ ಕಳುಹಿಸಿಬಿಡುವುದಿಲ್ಲ. ಕರುಣ್ ಮೊದಲ ವರ್ಷದ ರಣಜಿಯಲ್ಲಿಯೇ 690 ರನ್ನುಗಳನ್ನು ಕೂಡಿಸಿದರು.

ಎರಡನೆಯ ವರ್ಷದ ಲೆಕ್ಕವನ್ನು ನಂಬುವುದೇ ಕಷ್ಟ. ಹಜಾರೆ ಟ್ರೋಫಿಯಲ್ಲಿ 112, 44, 163, 111 — ನಾಲ್ಕು ಸಲವೂ ಔಟಿಲ್ಲ. ಐದನೆಯ ಸಲ 112ಕ್ಕೆ ಔಟಾಗುವ ಹೊತ್ತಿಗೆ, ನಡುವೆ ವಿಕೆಟ್ಟು ಕೊಡದೆ ಗಳಿಸಿದ್ದು 542 ರನ್ನು. ಅದು ಆ ಬಗೆಯ ಆಟದಲ್ಲಿ ಜಗತ್ತಿನ ದಾಖಲೆ. ಬಳಿಕ 122, 88, ಮತ್ತೆ ಔಟಿಲ್ಲ. ಹೀಗೆ 752 ರನ್ನು ಹೊಡೆದು, ಒಂದೇ ಒಂದು ಸಲ ಔಟಾಗಿ, ಅವರು ವಡೋದರದಲ್ಲಿ ತವರಿನ ಎದುರಿಗೆ ಬಂದು ನಿಂತರು.

ಕರ್ನಾಟಕ ಮೊದಲು ಆಡಿ 348 ರನ್ನು ಮಾಡಿತು. ಶತಕ ಹೊಡೆದವನು ಇಪ್ಪತ್ತೊಂದರ ಹುಡುಗ, ಆರ್. ಸ್ಮರಣ್. ಕರುಣ್ 27ಕ್ಕೆ ಬಂದಾಗ ಬೆಂಗಳೂರಿನವರೇ ಆದ ಪ್ರಸಿದ್ಧ ಕೃಷ್ಣ ಅವರ ಚೆಂಡು ವಿಕೆಟ್ಟು ಕೆಡವಿತು. ವಿದರ್ಭ 36 ರನ್ನುಗಳಿಂದ ಸೋತಿತು. ಮನೆಯ ಗುಟ್ಟು ಮನೆಯವರಿಗೇ ಗೊತ್ತೆನ್ನುವುದು ಸುಳ್ಳಲ್ಲ.

ಆದರೆ ಅಲ್ಲಿಗೆ ವರ್ಷ ಮುಗಿದಿರಲಿಲ್ಲ. ಮಾರ್ಚಿ 2ರಂದು ಮುಗಿದ ರಣಜಿ ಅಂತಿಮ ಪಂದ್ಯದಲ್ಲಿ, ನಾಗಪುರದಲ್ಲಿ, ಕೇರಳದ ಎದುರು 86 ಮತ್ತು 135. ಪೂರ್ವಿಕರ ನಾಡಿನ ಮೊತ್ತಮೊದಲ ಅಂತಿಮ ಪಂದ್ಯವನ್ನು ಕೆಡಿಸಿದ ಕೀರ್ತಿಯೂ ಇವರ ಪಾಲಿಗೇ ಬಂತು! ಆ ಸಾಲಿನ ರಣಜಿಯಲ್ಲಿ 863 ರನ್ನು. ಎರಡೂ ಪಂದ್ಯಾವಳಿ ಸೇರಿ ಒಂಬತ್ತು ಶತಕ. ಕೊನೆಯ ಶತಕ ಪೂರೈಸಿದಾಗ ಒಂಬತ್ತು ಬೆರಳುಗಳನ್ನೆತ್ತಿ ತೋರಿಸಿದರು.

ಎಂಟು ವರ್ಷಗಳ ಮೇಲೆ ಭಾರತ ತಂಡ ಮತ್ತೆ ಕರೆಯಿತು. 2025ರ ಇಂಗ್ಲೆಂಡ್ ಪ್ರವಾಸದ ನಾಲ್ಕು ಟೆಸ್ಟುಗಳಲ್ಲಿ ಗಳಿಸಿದ್ದು 205 ರನ್ನು, ಒಂದೇ ಅರ್ಧಶತಕ. ಮುಂದಿನ ಸರಣಿಗೆ ಕರೆ ಬರಲಿಲ್ಲ.

ಅಷ್ಟರಲ್ಲಿ ತವರು ಮತ್ತೆ ಬಾಗಿಲು ತೆರೆದಿತ್ತು. 2025ರ ಅಕ್ಟೋಬರಿನಲ್ಲಿ ಶಿವಮೊಗ್ಗದಲ್ಲಿ ಗೋವಾದ ಎದುರು ಕರ್ನಾಟಕದ ಪರವಾಗಿ ಔಟಾಗದೆ 174 ಹೊಡೆದರು. ನವೆಂಬರಿನಲ್ಲಿ ಕೇರಳದ ಎದುರು 233. ಆ ದಿನ ಇನ್ನೊಂದು ತುದಿಯಲ್ಲಿ ನಿಂತು, 300ಕ್ಕೂ ಮಿಕ್ಕ ಜೊತೆಯಾಟದಲ್ಲಿ ಪಾಲುಗೊಂಡು, ತಾನೂ ದ್ವಿಶತಕ ಬಾರಿಸಿದವನು ವಡೋದರದ ಅದೇ ಹುಡುಗ, ಸ್ಮರಣ್.