ಮೊದಲು ಅಂಗಡಿ ನಡೆಯಲಿ, ಬಿಡಿಭಾಗ ಆಮೇಲೆ

ಕೊಲ್ಹಾಪುರಿ ಚಪ್ಪಲಿ ಮಹಾರಾಷ್ಟ್ರದ್ದು ಎಂದುಕೊಂಡವರೇ ಹೆಚ್ಚು. ಆದರೆ ನಮ್ಮ ಅಥಣಿ, ನಿಪ್ಪಾಣಿ ಭಾಗದ ಮನೆಗಳಲ್ಲೂ ಅದನ್ನು ತಲೆಮಾರುಗಳಿಂದ ಕೈಯಲ್ಲೇ ಮಾಡುತ್ತಾರೆ. 2019ರಲ್ಲಿ ಸಿಕ್ಕ ಜಿಐ ಟ್ಯಾಗ್‌ನಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಇವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಅಂಥದ್ದೇ ಚಪ್ಪಲಿಯನ್ನು ಮಿಲಾನ್‌ನ ಫ್ಯಾಷನ್ ಷೋನಲ್ಲಿ ತೋರಿಸಿ ಟೀಕೆಗೆ ಗುರಿಯಾಯಿತು. ನಮ್ಮವರೇ ನೇರವಾಗಿ ಆನ್‌ಲೈನ್‌ನಲ್ಲಿ ಮಾರಿದರೆ ಹೇಗೆ ಎಂದು ನಾವು ನಾಲ್ವರು ಬಿಇ ಗೆಳೆಯರು ಅಥಣಿಯ ಒಬ್ಬ ಕಾಕಾರಿಗಾಗಿ ಮಿನಿ ಪ್ರಾಜೆಕ್ಟ್ ಶುರು ಮಾಡಿದೆವು.

ಕ್ಯಾಟಲಾಗ್, ಸ್ಟಾಕ್, ಪೇಮೆಂಟ್, ಕೊರಿಯರ್ ಎಲ್ಲ ಒಂದೇ ಕಡೆ ಸಿಗುವ ಆಲ್-ಇನ್-ಒನ್ ವೇದಿಕೆ ಬೇಕೋ, ಪ್ರತಿಯೊಂದನ್ನೂ ಬಿಡಿಯಾಗಿ ಕಟ್ಟಿ ಜೋಡಿಸುವ ಮಾಡ್ಯುಲರ್ ವ್ಯವಸ್ಥೆ ಬೇಕೋ? ನಾವು ಎರಡನೆಯದನ್ನು ಆರಿಸಿದೆವು. ನಿಜ ಹೇಳಬೇಕೆಂದರೆ, ರೆಸ್ಯೂಮೆಯಲ್ಲಿ ‘ಮೈಕ್ರೋಸರ್ವಿಸ್’ ಎಂಬ ಪದ ಬೇಕಿತ್ತು!

ಒಂದು ದಿನ ಸ್ಟಾಕ್ ಭಾಗಕ್ಕೆ ಆರ್ಡರ್ ಭಾಗದಿಂದ ಮಾಹಿತಿ ತಡವಾಗಿ ತಲುಪಿತು. 8 ನಂಬರಿನ ಒಂದೇ ಜೋಡಿಗೆ ಇಬ್ಬರು ದುಡ್ಡು ಕಟ್ಟಿದ್ದರು. ಕೈಯಿಂದ ಮಾಡುವ ಚಪ್ಪಲಿ ಮರುದಿನವೇ ಸಿದ್ಧವಾಗುವುದಿಲ್ಲ. ಒಬ್ಬರಿಗೆ ಹಣ ವಾಪಸ್ ಕೊಡಬೇಕಾಯಿತು. ಕಾಕಾ ಬೈಯಲಿಲ್ಲ. ‘ತಮ್ಮಾ, ನೀವು ನೌಕರಿಗೆ ಹ್ವಾದಮ್ಯಾಲೆ ಇದು ಕೆಟ್ರ ಯಾರಿಗೆ ಫೋನ್ ಮಾಡ್ಲಿ?’ ಎಂದಷ್ಟೇ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಅಮೆಜಾನ್ ತನ್ನ ವ್ಯವಸ್ಥೆಯನ್ನು ಬಿಡಿಭಾಗ ಮಾಡಿತಲ್ಲ ಎನ್ನಬಹುದು. ಅಲ್ಲಿ ನೂರಾರು ತಂಡಗಳು ಏಕಕಾಲಕ್ಕೆ ಕೆಲಸ ಮಾಡುತ್ತವೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ಅಡ್ಡಬರಬಾರದು ಎಂದೇ ಆ ಏರ್ಪಾಡು. ಅದೇ ಕಂಪನಿಯ ಪ್ರೈಮ್ ವಿಡಿಯೊ ತಂಡವೊಂದು ವಿಡಿಯೊ ಗುಣಮಟ್ಟ ಪರೀಕ್ಷಿಸುವ ತನ್ನ ಸಾಧನದ ಬಿಡಿಭಾಗಗಳನ್ನು ಮತ್ತೆ ಒಂದುಗೂಡಿಸಿ, ವೆಚ್ಚ ಶೇ 90ರಷ್ಟು ಇಳಿಯಿತು ಎಂದು 2023ರಲ್ಲಿ ಬರೆದುಕೊಂಡಿತ್ತು. ಲಕ್ಷಾಂತರ ಅಂಗಡಿಗಳನ್ನು ನಡೆಸುವ ಶಾಪಿಫೈನ ಮುಖ್ಯ ತಂತ್ರಾಂಶವೂ ಒಳಗೆ ಗಡಿ ಹಾಕಿಕೊಂಡ ಒಂದೇ ದೊಡ್ಡ ಆ್ಯಪ್. ಕಾಕಾರ ಅಂಗಡಿಯಲ್ಲಿ ಇರುವುದು ಇಬ್ಬರೇ.

ಆಲ್-ಇನ್-ಒನ್‌ನಲ್ಲೂ ಅಪಾಯ ಇಲ್ಲದಿಲ್ಲ. ತಿಂಗಳ ಬಾಡಿಗೆ ಏರಬಹುದು, ನಿಯಮ ಬದಲಾಗಬಹುದು, ಬಿಟ್ಟು ಬರುವುದು ಕಷ್ಟ. ಮಾಡ್ಯುಲರ್‌ನಲ್ಲಾದರೆ ಬೇಡವಾದ ಭಾಗವನ್ನಷ್ಟೇ ಬದಲಿಸಬಹುದು. ಸರ್ಕಾರದ ಬೆಂಬಲದ ಒಎನ್‌ಡಿಸಿ ಜಾಲದಲ್ಲೂ ಕೊಳ್ಳುವವರ ಆ್ಯಪ್, ಮಾರುವವರ ಆ್ಯಪ್, ಡೆಲಿವರಿ ಬೇರೆ ಬೇರೆ ಕಂಪನಿಗಳದ್ದಾಗಿರಬಹುದು. ಆದರೆ ಅಲ್ಲಿ ಆಯಾ ಭಾಗವನ್ನು ನೋಡಿಕೊಳ್ಳಲು ಆಯಾ ಕಂಪನಿಯ ಎಂಜಿನಿಯರ್‌ಗಳಿದ್ದಾರೆ.

ಹಾಗಾಗಿ ಚಿಕ್ಕೋಡಿ, ರಾಯಬಾಗ, ಕಾಗವಾಡದಂಥ ಊರುಗಳ ಸಣ್ಣ ವ್ಯಾಪಾರಿ ಆಲ್-ಇನ್-ಒನ್‌ನಿಂದಲೇ ಶುರು ಮಾಡಲಿ. ಆದರೆ ಡೊಮೇನ್ ಹೆಸರು ತನ್ನ ಹೆಸರಿನಲ್ಲೇ ಇರಲಿ. ಗ್ರಾಹಕರ ಪಟ್ಟಿ, ಆರ್ಡರ್ ಲೆಕ್ಕ, ಫೋಟೊಗಳ ಪ್ರತಿಯನ್ನು ಪ್ರತಿ ತಿಂಗಳು ತನ್ನ ಬಳಿ ಇಳಿಸಿಕೊಳ್ಳಲಿ. ವ್ಯಾಪಾರ ಬೆಳೆದಾಗ, ಎಲ್ಲಿ ತೊಡಕಾಗುತ್ತದೋ ಆ ಒಂದು ಭಾಗವನ್ನು ಮಾತ್ರ ಬೇರೆ ಮಾಡಲಿ.

ನಾವು ಬರೆದದ್ದನ್ನು ಬದಿಗಿಟ್ಟು ಕಾಕಾರ ಅಂಗಡಿಯನ್ನು ಸಿದ್ಧ ವೇದಿಕೆಗೆ ಸಾಗಿಸಿದೆವು. ಈಗ ಅವರ ಮಗಳೇ ಮೊಬೈಲ್‌ನಲ್ಲಿ ಸ್ಟಾಕ್ ತಿದ್ದುತ್ತಾಳೆ. ರೆಸ್ಯೂಮೆಯಿಂದ ಒಂದು ದೊಡ್ಡ ಪದ ಹೋಯಿತು, ನಿಜ. ಸಂದರ್ಶನದಲ್ಲಿ ಅದರ ಬಗ್ಗೆ ಕೇಳಿದರೆ, ಅದನ್ನು ಯಾಕೆ ಕೈಬಿಟ್ಟೆವು ಎಂಬುದನ್ನೇ ಹೇಳುತ್ತೇನೆ.