ಸಮವಸ್ತ್ರ ಕಳಚಿದ ಮೇಲೆ ಪಿಸ್ತೂಲು ಯಾಕೆ?

2025ರ ಜನವರಿ 16ರಂದು ಬೀದರ್‌ನಲ್ಲಿ ಎಟಿಎಂಗೆ ಹಣ ತುಂಬಲು ಹೊರಟಿದ್ದ ಸಿಬ್ಬಂದಿಯ ಮೇಲೆ ಹಾಡಹಗಲೇ ಗುಂಡು ಹಾರಿಸಿದ ಇಬ್ಬರು ಹಣದ ಪೆಟ್ಟಿಗೆ ಹೊತ್ತು ಬೈಕ್‌ನಲ್ಲಿ ಪರಾರಿಯಾದರು. ಸಿಬ್ಬಂದಿಯೊಬ್ಬರು ಪ್ರಾಣ ಕಳೆದುಕೊಂಡರು. ಅದೇ ವರ್ಷ ನವೆಂಬರ್ 19ರಂದು ಬೆಂಗಳೂರಿನಲ್ಲಿ ರಿಸರ್ವ್ ಬ್ಯಾಂಕ್ ಅಧಿಕಾರಿಗಳೆಂದು ಹೇಳಿಕೊಂಡ ಗುಂಪೊಂದು ಹಣದ ವಾಹನ ತಡೆದು 7.11 ಕೋಟಿ ರೂಪಾಯಿ ದೋಚಿತು. ಎರಡೂ ಸಲ ನಮ್ಮ ಮಾಲೇಕಲ್ಲಿನ ಬೆಟ್ಟದ ಬುಡದ ಟೀ ಅಂಗಡಿಯಲ್ಲಿ ಒಂದೇ ಪರಿಹಾರ ಕೇಳಿಬಂತು: "ಅಮೆರಿಕದಲ್ಲಿ ಇರೋ ಹಾಗೆ ರಿಟೈರ್ಡ್ ಪೊಲೀಸರಿಗೆ, ಫೌಜಿಗಳಿಗೆ ಸೊಂಟದಲ್ಲಿ ಪಿಸ್ತೂಲು ಇಟ್ಕೊಳ್ಳೋಕೆ ಬಿಟ್ಟರೆ ಇದೆಲ್ಲಾ ತಾನಾಗೇ ನಿಲ್ಲುತ್ತೆ."

ಅರಸೀಕೆರೆ ಸೀಮೆಯಲ್ಲಿ ಸೈನ್ಯದಿಂದ ಮರಳಿದವರು ಕಡಿಮೆಯೇನಿಲ್ಲ. ಹಾಗಾಗಿ ಈ ಮಾತಿಗೆ ತಲೆಯಾಡಿಸುವವರೂ ಬಹಳ. ನನಗೂ ಅದು ಮೊದಲು ಸರಿಯೆನಿಸುವಂಥ ಮಾತೇ. ಹದಿನೈದು ವರ್ಷ ಬಂದೂಕು ಹಿಡಿದವರಿಗಿಂತ ಅದನ್ನು ಚೆನ್ನಾಗಿ ಬಲ್ಲವರು ಯಾರು? ಆದರೆ ಅಮೆರಿಕದ ಆ ಕಾನೂನು ನಿಜವಾಗಿ ಏನು ಹೇಳುತ್ತದೆ, ನಮ್ಮದು ಏನು ಹೇಳುತ್ತದೆ ಎಂದು ನೋಡಿದರೆ ವಾದದ ದಿಕ್ಕೇ ಬೇರೆಯಾಗುತ್ತದೆ.

ಅಲ್ಲಿ 2004ರಲ್ಲಿ ಒಂದು ಕಾನೂನು ಬಂತು. ಪೊಲೀಸ್ ಅಧಿಕಾರಿಗಳು ಸೇವೆಯಲ್ಲಿರಲಿ, ನಿವೃತ್ತರಾಗಿರಲಿ, ದೇಶದ ಯಾವ ರಾಜ್ಯಕ್ಕೆ ಹೋದರೂ ಬಟ್ಟೆಯೊಳಗೆ ಪಿಸ್ತೂಲು ಮರೆಮಾಡಿಕೊಂಡು ಓಡಾಡಬಹುದು. ಆಯಾ ರಾಜ್ಯದ ಪರವಾನಗಿ ಬೇಕಿಲ್ಲ. ನಿವೃತ್ತರಿಗೆ ಮೊದಲು 15 ವರ್ಷದ ಸೇವೆ ಆಗಿರಬೇಕಿತ್ತು, 2010ರಲ್ಲಿ ಅದನ್ನು 10ಕ್ಕೆ ಇಳಿಸಿದರು. ಟೀ ಅಂಗಡಿಯ ವಾದ ಇಲ್ಲಿಗೆ ನಿಂತುಬಿಡುತ್ತದೆ. ಕಾನೂನು ನಿಲ್ಲುವುದಿಲ್ಲ. ಸೇವೆಯಿಂದ ಒಳ್ಳೆಯ ಹೆಸರಿನಲ್ಲಿ ಹೊರಬಂದಿರಬೇಕು, ಫೋಟೊ ಇರುವ ಗುರುತಿನ ಚೀಟಿ ಜೊತೆಗಿರಬೇಕು, ಕುಡಿದಿರಬಾರದು, ಮಾನಸಿಕ ಆರೋಗ್ಯದ ಕಾರಣಕ್ಕೆ ಅನರ್ಹರಾಗಿರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಕಳೆದ 12 ತಿಂಗಳೊಳಗೆ ಗುರಿ ಪರೀಕ್ಷೆ ಪಾಸು ಮಾಡಿರಬೇಕು. ಅದೂ ಸ್ವಂತ ಖರ್ಚಿನಲ್ಲಿ. ಮೂವತ್ತು ವರ್ಷ ಸೇವೆ ಸಲ್ಲಿಸಿದ ದೊಡ್ಡ ಅಧಿಕಾರಿಯಾದರೂ ಈ ವರ್ಷದ ಪರೀಕ್ಷೆ ಬರೆದಿಲ್ಲವೆಂದರೆ ಈ ಕಾನೂನಿನ ರಕ್ಷಣೆ ಅವರಿಗಿಲ್ಲ.

ಇಷ್ಟೆಲ್ಲ ಷರತ್ತಿದ್ದರೂ ನಿವೃತ್ತ ಪೊಲೀಸರ ಕೈಯ ಬಂದೂಕು ಅಲ್ಲಿ ಏನು ಮಾಡಿದೆ ಎಂಬುದಕ್ಕೆ ಎರಡು ಘಟನೆ ಹೇಳುತ್ತೇನೆ. 2022ರ ಮೇ 14ರಂದು ಬಫಲೊ ನಗರದ ಸೂಪರ್‌ ಮಾರ್ಕೆಟ್ ಒಂದಕ್ಕೆ ನುಗ್ಗಿದ ಬಂದೂಕುಧಾರಿ ಹತ್ತು ಜನರನ್ನು ಕೊಂದ. ಅಲ್ಲಿ ಭದ್ರತೆಗಿದ್ದವರು ಆರನ್ ಸಾಲ್ಟರ್ ಎಂಬ ನಿವೃತ್ತ ಪೊಲೀಸ್ ಅಧಿಕಾರಿ. ಅವರು ಓಡಿಹೋಗದೆ ಎದುರು ನಿಂತು ಗುಂಡು ಹಾರಿಸಿದರು. ಗುಂಡು ತಗುಲಿತು, ಆದರೆ ಹಂತಕ ರಕ್ಷಾಕವಚ ತೊಟ್ಟಿದ್ದ. ಸಾಲ್ಟರ್ ಸತ್ತರು. ಒಳಗಿದ್ದ ಇನ್ನಷ್ಟು ಜನಕ್ಕೆ ತಪ್ಪಿಸಿಕೊಳ್ಳಲು ಅವರು ಸಮಯ ದೊರಕಿಸಿಕೊಟ್ಟರೆಂದು ಆ ಊರು ಅವರನ್ನು ನೆನೆಯುತ್ತದೆ.

ಇನ್ನೊಂದು 2014ರ ಜನವರಿಯದ್ದು. ಫ್ಲಾರಿಡಾದ ಟ್ಯಾಂಪಾ ನಗರದ ಹತ್ತಿರದ ಸಿನಿಮಾ ಮಂದಿರದಲ್ಲಿ ಮುಂದಿನ ಸಾಲಿನವನು ಮೊಬೈಲ್ ನೋಡುತ್ತಿದ್ದನೆಂದು ಜಗಳ ಶುರುವಾಯಿತು. ಅವನು ಪಾಪ್‌ಕಾರ್ನ್ ಎಸೆದ. 71 ವರ್ಷದ ನಿವೃತ್ತ ಪೊಲೀಸ್ ಕ್ಯಾಪ್ಟನ್ ಪಿಸ್ತೂಲು ತೆಗೆದು ಅವನ ಎದೆಗೆ ಹೊಡೆದರು. 2022ರಲ್ಲಿ ತೀರ್ಪುಗಾರರು ಅದನ್ನು ಆತ್ಮರಕ್ಷಣೆಯೆಂದು ಒಪ್ಪಿ ಅವರನ್ನು ಬಿಡುಗಡೆ ಮಾಡಿದರು. ಕಾನೂನಿನ ಲೆಕ್ಕ ಅಲ್ಲಿಗೆ ಮುಗಿಯಿತು. ಆದರೆ ಪಿಸ್ತೂಲು ಇಲ್ಲದಿದ್ದರೆ ಆ ದಿನ ಇಬ್ಬರೂ ಬೈದಾಡಿಕೊಂಡು ಮನೆಗೆ ಹೋಗುತ್ತಿದ್ದರು. ನಮ್ಮ ಕೆಂಪು ಬಸ್ಸಿನಲ್ಲಿ ಸೀಟಿಗಾಗಿ ನಡೆಯುವ ಜಗಳಗಳನ್ನು ದಿನಾ ನೋಡುವ ನನಗೆ ಈ ಎರಡನೆಯ ಘಟನೆಯೇ ಹೆಚ್ಚು ಹತ್ತಿರದ್ದೆನಿಸುತ್ತದೆ.

ಈಗ ನಮ್ಮ ಕಾನೂನಿಗೆ ಬರೋಣ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಸರ್ಕಾರಿ ನೌಕರ ಕರ್ತವ್ಯದ ಮೇಲೆ ಹಿಡಿದ ಆಯುಧಕ್ಕೆ ಪರವಾನಗಿ ಬೇಕಿಲ್ಲ. ಕರ್ತವ್ಯ ಮುಗಿದ ದಿನ ಆ ವಿನಾಯಿತಿಯೂ ಮುಗಿಯುತ್ತದೆ. ನಿವೃತ್ತರು ಎಲ್ಲರಂತೆ ಅರ್ಜಿ ಹಾಕಬೇಕು, ಠಾಣೆಯ ವರದಿ ಬರಬೇಕು. ಹಾಗೆಂದು ನಿಯಮ ಅವರನ್ನು ಪೂರ್ತಿ ಮರೆತಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳು ಯಾರ ಅರ್ಜಿಯನ್ನು ಪರಿಗಣಿಸಬಹುದು ಎಂದು ಹೇಳುವಾಗ ಸೈನ್ಯ, ಕೇಂದ್ರ ಸಶಸ್ತ್ರ ಪಡೆ, ರಾಜ್ಯ ಪೊಲೀಸ್‌ನಲ್ಲಿ ಸೇವೆ ಸಲ್ಲಿಸಿದವರನ್ನು ಬೇರೆಯಾಗಿಯೇ ಹೆಸರಿಸುತ್ತವೆ. ಆದರೆ ಜೀವ ಅಥವಾ ಆಸ್ತಿಯ ರಕ್ಷಣೆಯ ನಿಜವಾದ ಅಗತ್ಯ ಇರಬೇಕು. ಇನ್ನೊಂದು ಸ್ವಾರಸ್ಯವಿದೆ: ಪರವಾನಗಿ ಇದ್ದವರೂ ಸಾರ್ವಜನಿಕ ಸ್ಥಳದಲ್ಲಿ ಬಂದೂಕನ್ನು ಕವಚದೊಳಗೆ ಪೂರ್ತಿ ಮುಚ್ಚಿಯೇ ಒಯ್ಯಬೇಕೆನ್ನುತ್ತದೆ ಅದೇ ನಿಯಮ. ಅಮೆರಿಕದಲ್ಲಿ ವಿಶೇಷ ಸೌಲಭ್ಯವಾಗಿರುವ 'ಮರೆಮಾಡಿ ಒಯ್ಯುವುದು' ನಮ್ಮಲ್ಲಿ ಕಡ್ಡಾಯ ಶಿಸ್ತು. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿ ಯಾರದೋ ಪ್ರಾಣಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು.

ಅಂದರೆ ನಮ್ಮ ಕಾನೂನು 'ನಿಮಗೆ ಬಂದೂಕು ಯಾಕೆ ಬೇಕು?' ಎಂದು ಕೇಳುತ್ತದೆ. ಅಮೆರಿಕದ್ದು ಅದನ್ನು ಕೇಳುವುದಿಲ್ಲ, 'ನಿಮಗೆ ಈಗಲೂ ಹೊಡೆಯಲು ಬರುತ್ತದೆಯೇ?' ಎಂದು ಪ್ರತಿ ವರ್ಷ ಕೇಳುತ್ತದೆ. ಎರಡೂ ಪ್ರಶ್ನೆ ಬೇಕು ಎನ್ನುವುದು ನನ್ನ ವಾದ. ಟೀ ಅಂಗಡಿಯವರು ಬಯಸುವುದು ಎರಡೂ ಇಲ್ಲದ ವ್ಯವಸ್ಥೆ.

ನನ್ನ ಸೋದರಮಾವನ ಕಥೆ ಇಲ್ಲಿ ಹೇಳಬೇಕು, ಯಾಕೆಂದರೆ ಈ ವಿಷಯ ನಮ್ಮ ತಾಲ್ಲೂಕಿನಲ್ಲಿ ನಿಜವಾಗಿ ತಟ್ಟುವುದು ಅವರಂಥವರಿಗೆ. ಸಿಪಾಯಿಗಳು ನಲವತ್ತು ತುಂಬುವ ಮೊದಲೇ ನಿವೃತ್ತರಾಗುತ್ತಾರೆ. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ, ಮನೆ ಕಟ್ಟಿದ ಸಾಲ ಇರುತ್ತದೆ. ಮಾವ ಊರಿಗೆ ಬಂದು ಹನ್ನೆರಡು ಬೋರಿನ ಡಬ್ಬಲ್ ಬ್ಯಾರಲ್ ಬಂದೂಕಿಗೆ ಪರವಾನಗಿ ಪಡೆದು ಬ್ಯಾಂಕೊಂದರಲ್ಲಿ ಗನ್‌ಮ್ಯಾನ್ ಆದರು. ಆ ಬಂದೂಕು ಅವರಿಗೆ ಶೋಕಿಯಲ್ಲ; ರೈತನಿಗೆ ಟ್ರ್ಯಾಕ್ಟರ್ ಇದ್ದಂತೆ, ಅದಿಲ್ಲದಿದ್ದರೆ ಸಂಬಳ ಅರ್ಧಕ್ಕಿಳಿಯುತ್ತದೆ.

ಕೊನೆಯ ಸಲ ಗುಂಡು ಹಾರಿಸಿದ್ದು ಯಾವಾಗ ಎಂದು ಒಮ್ಮೆ ಕೇಳಿದೆ. ನೆನಪು ಮಾಡಿಕೊಂಡು "ಐದು ವರ್ಷ ಆಗಿರಬೇಕು" ಎಂದರು. ತೋಟಾ ದುಬಾರಿ. ಹೊಲದಲ್ಲಿ ಹಾರಿಸಿದರೆ ಯಾರೋ ಠಾಣೆಗೆ ಫೋನ್ ಮಾಡುತ್ತಾರೆ. ಅಭ್ಯಾಸಕ್ಕೆಂದು ಹೋಗಬಹುದಾದ ಜಾಗ ಅವರಿಗೆ ಗೊತ್ತಿಲ್ಲ. ಪ್ರತಿ ದಿನ ಎಣ್ಣೆ ಹಾಕಿ ಒರೆಸುತ್ತಾರೆ, ಹೆಗಲಿಗೇರಿಸಿ ಬಾಗಿಲಲ್ಲಿ ನಿಲ್ಲುತ್ತಾರೆ. ಈಗ ಅವರಿಗೆ ಚಾಳೀಸು ಬಂದಿದೆ. ಬ್ಯಾಂಕಿನ ಮುಂದೆ, ಜನ ಪಾಸ್‌ಬುಕ್ ಹಿಡಿದು ಸಾಲು ನಿಂತಿರುವಾಗ, ಐದು ವರ್ಷದ ನಂತರದ ಮೊದಲ ಗುಂಡು ಹಾರಿಸಬೇಕಾಗಿ ಬಂದರೆ? ಈ ಪ್ರಶ್ನೆಯನ್ನು ನಾನು ಅವರಿಗೆ ಕೇಳಲಿಲ್ಲ, ಅವರೇ ಕೇಳಿಕೊಂಡರು.

ಪರವಾನಗಿ ನವೀಕರಣ ಈಗ ಐದು ವರ್ಷಕ್ಕೊಮ್ಮೆ. ಅದಕ್ಕೆ ಠಾಣೆಯ ವರದಿ ಉಂಟು, ಶುಲ್ಕ ಉಂಟು. ಗುರಿ ಪರೀಕ್ಷೆ ಮಾತ್ರ ಇಲ್ಲ. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಒಂದು ಪ್ರೆಷರ್ ಗೇಜ್‌ಗೂ ಕ್ಯಾಲಿಬ್ರೇಷನ್ ಚೀಟಿ ಅಂಟಿಸಿರುತ್ತಾರೆ, ಅದರ ಮೇಲೆ ಮುಂದಿನ ತಪಾಸಣೆಯ ತಾರೀಖು ಇರುತ್ತದೆ. ಅದನ್ನು ಯಾರೂ ಗೇಜಿಗೆ ಮಾಡಿದ ಅವಮಾನವೆಂದುಕೊಳ್ಳುವುದಿಲ್ಲ.

ಚುನಾವಣೆ ಬಂದಾಗ ಇದೇ ವ್ಯವಸ್ಥೆ ಇನ್ನೊಂದು ತುದಿಗೆ ಹೋಗುತ್ತದೆ. 2024ರ ಲೋಕಸಭಾ ಚುನಾವಣೆಯ ನೀತಿ ಸಂಹಿತೆ ಮಾರ್ಚ್ 16ರಿಂದ ಜೂನ್ 6ರವರೆಗೆ ಇತ್ತು. ಹಾಸನದಲ್ಲಿ ಮತದಾನ ನಡೆದದ್ದು ಏಪ್ರಿಲ್ 26ಕ್ಕೆ. ಪರವಾನಗಿ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕು. ಬ್ಯಾಂಕ್ ಭದ್ರತೆಗಿರುವವರಿಗೆ ವಿನಾಯಿತಿ ಕೊಡಲು ಅವಕಾಶವಿದೆ, ಆದರೆ ಅದು ತಾನಾಗಿ ಸಿಗುವುದಿಲ್ಲ. ಮಾವ ಪತ್ರ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದರು. ಅಷ್ಟು ದಿನ ಬ್ಯಾಂಕಿನ ಬಾಗಿಲಲ್ಲಿ ಲಾಠಿ ಹಿಡಿದು ನಿಂತರು. ಗಡಿಯಲ್ಲಿ ನಂಬಿದವರನ್ನು ಊರಲ್ಲಿ ನಂಬುವುದಿಲ್ಲವೆಂಬ ಸಿಟ್ಟು ಅವರಿಗಿದೆ, ಅದರಲ್ಲಿ ತಪ್ಪೇನೂ ಇಲ್ಲ. ಟೀ ಅಂಗಡಿಯ ವಾದಕ್ಕೆ ಬಲ ಬರುವುದು ಇಂಥ ಸಿಟ್ಟಿನಿಂದಲೇ ಎಂದು ನನಗನಿಸುತ್ತದೆ.

ಆದರೂ ಸಿಟ್ಟಿಗೆ ಉತ್ತರವಾಗಿ ಎಲ್ಲ ನಿವೃತ್ತರಿಗೂ ಪಿಸ್ತೂಲು ಕೊಡಿ ಎನ್ನುವವರು ಬೆಂಗಳೂರಿನ ಪ್ರಕರಣವನ್ನು ಇನ್ನೊಮ್ಮೆ ನೋಡಬೇಕು. ಹಣದ ವಾಹನದಲ್ಲಿ ಇಬ್ಬರು ಸಶಸ್ತ್ರ ಕಾವಲುಗಾರರಿರಬೇಕೆಂದು ಕೇಂದ್ರ ಗೃಹ ಇಲಾಖೆಯ 2018ರ ನಿಯಮವೇ ಹೇಳುತ್ತದೆ. ಆ ವಾಹನದಲ್ಲಿ ಗನ್‌ಮ್ಯಾನ್‌ಗಳು ಇದ್ದರು. ಒಂದೂ ಗುಂಡು ಹಾರಲಿಲ್ಲ, ಯಾಕೆಂದರೆ ಬಂದವರು ದರೋಡೆಕೋರರಂತೆ ಬರಲಿಲ್ಲ, ಅಧಿಕಾರಿಗಳಂತೆ ಬಂದರು. ಆಮೇಲೆ ಬಂಧಿತರಾದವರಲ್ಲಿ ಒಬ್ಬರು ಸೇವೆಯಲ್ಲಿದ್ದ ಪೊಲೀಸ್ ಕಾನ್‌ಸ್ಟೆಬಲ್, ಇನ್ನೊಬ್ಬರು ಹಣ ಸಾಗಿಸುವ ಸಂಸ್ಥೆಯ ಮಾಜಿ ನೌಕರ. ಆರೋಪ ಸಾಬೀತಾಗುವುದು ನ್ಯಾಯಾಲಯದಲ್ಲಿ. ಆದರೆ ಅಲ್ಲಿ ಕೊರತೆಯಿದ್ದದ್ದು ಬಂದೂಕಿನದ್ದಲ್ಲ ಎಂಬುದಕ್ಕೆ ತೀರ್ಪು ಕಾಯಬೇಕಿಲ್ಲ. 'ಗುರುತಿನ ಚೀಟಿ ತೋರಿಸಿ, ಕಚೇರಿಗೆ ಫೋನ್ ಮಾಡಿ ವಿಚಾರಿಸುತ್ತೇನೆ' ಎನ್ನುವ ತರಬೇತಿ ಬೇಕಿತ್ತು.

ಸೇವೆಯ ಹೆಸರಲ್ಲಿ ಸೌಲಭ್ಯ ತೆರೆದರೆ ಯಾರು ಒಳಬರುತ್ತಾರೆ ಎಂಬುದೂ ನಮಗೆ ಗೊತ್ತಿರಬೇಕು. ಜಮ್ಮು ಮತ್ತು ಕಾಶ್ಮೀರದಲ್ಲಿ 2012ರಿಂದ 2016ರ ನಡುವೆ ಅನರ್ಹರಿಗೆ 2.78 ಲಕ್ಷಕ್ಕೂ ಹೆಚ್ಚು ಬಂದೂಕು ಪರವಾನಗಿ ಕೊಡಲಾಗಿದೆ ಎಂದು ಸಿಬಿಐ ಹೇಳಿದೆ. ಅಲ್ಲಿ ನಿಯೋಜಿತರಾದ ಯೋಧರೆಂದು ತೋರಿಸಿ ಬೇರೆ ರಾಜ್ಯದವರಿಗೆ ಪರವಾನಗಿ ಮಾರಿದ್ದು ಹಗರಣದ ಒಂದು ಮುಖ್ಯ ಭಾಗ. ಯೋಧನ ಹೆಸರಿಗೆ ಇರುವ ಗೌರವವೇ ಅಲ್ಲಿ ಸರಕಾಯಿತು.

ಪಕ್ಕದ ಕೊಡಗಿನ ಉದಾಹರಣೆ ಕೊಡುವವರಿದ್ದಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಕೈಲ್‌ಪೊದ್‌ನಲ್ಲಿ ಆಯುಧ ಪೂಜಿಸುವ, ಹುಟ್ಟು ಸಾವಿಗೆ ಕೋವಿಯ ಸದ್ದು ಸೇರಿದ ಸಂಸ್ಕೃತಿ ಅದು. ಮನೆಯ ಗೋಡೆಯ ಕೋವಿಗೂ ಸಂತೆಯಲ್ಲಿ ಸೊಂಟಕ್ಕೆ ಸಿಕ್ಕಿಸಿದ ಪಿಸ್ತೂಲಿಗೂ ಹೋಲಿಕೆ ಮಾಡುವುದು ಸರಿಯಲ್ಲ.

ಹಾಗಾದರೆ ಕಳ್ಳರನ್ನು, ರೌಡಿಗಳನ್ನು ಜೈಲಿಗೆ ಕಳುಹಿಸಿ ನಿವೃತ್ತರಾದ ಇನ್‌ಸ್ಪೆಕ್ಟರ್‌ಗೆ ಬೆದರಿಕೆ ಇರುವುದಿಲ್ಲವೇ? ಇರುತ್ತದೆ. ಅವರಿಗೆ ಈಗಿನ ನಿಯಮದಲ್ಲೇ ದಾರಿಯಿದೆ. ಅವರ ಅರ್ಜಿ ವರ್ಷಗಟ್ಟಲೆ ಕೊಳೆಯದಂತೆ ನೋಡಿಕೊಂಡರೆ ಸಾಕು. ಬೆದರಿಕೆ ಇರುವುದು ಆ ಒಬ್ಬರಿಗೆ. ಅವರ ಜೊತೆ ನಿವೃತ್ತರಾದ ಇಡೀ ಬ್ಯಾಚಿಗಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿ ಜಿಲ್ಲೆಯಲ್ಲೂ ಸಶಸ್ತ್ರ ಮೀಸಲು ಪೊಲೀಸ್ ಪಡೆ ಇದೆ, ಅದರ ಸಿಬ್ಬಂದಿಗೆ ಗುರಿ ಅಭ್ಯಾಸ ಇದ್ದೇ ಇರುತ್ತದೆ. ವರ್ಷಕ್ಕೊಂದು ಭಾನುವಾರ ಅದೇ ವ್ಯವಸ್ಥೆಯಲ್ಲಿ ಜಿಲ್ಲೆಯ ಗನ್‌ಮ್ಯಾನ್‌ಗಳಿಗೆ ಹತ್ತು ಗುಂಡಿನ ಪರೀಕ್ಷೆ, ಕಣ್ಣಿನ ತಪಾಸಣೆ ನಡೆಯಲಿ. ತೋಟಾದ ಖರ್ಚನ್ನು ಕೆಲಸ ಕೊಟ್ಟ ಬ್ಯಾಂಕ್ ಅಥವಾ ಏಜೆನ್ಸಿ ಭರಿಸಲಿ. ಪಾಸಾದವರಿಗೆ ತಾರೀಖು ನಮೂದಿಸಿದ ಚೀಟಿ ಕೊಡಲಿ, ಚುನಾವಣೆ ಬಂದಾಗ ಆ ಚೀಟಿಯೇ ವಿನಾಯಿತಿಯ ಪತ್ರವಾಗಲಿ. ಫೇಲಾದವರಿಗೆ ಮೂರು ತಿಂಗಳ ನಂತರ ಇನ್ನೊಂದು ಅವಕಾಶ ಇರಲಿ. ಮಾವನಿಗೆ ಈ ಯೋಚನೆ ಹೇಳಿದಾಗ ಅವರು ಕೇಳಿದ್ದು ಒಂದೇ: ಕನ್ನಡಕ ಹಾಕಿಕೊಂಡು ಹೊಡೆಯಲು ಬಿಡುತ್ತಾರಾ?

ಇನ್ನು ಮೀಸಲು ಪಡೆಯ ಮಾತು. ನಮ್ಮಲ್ಲಿ ಆ ಹೆಸರಿಗೆ ಹತ್ತಿರದವರು ಗೃಹರಕ್ಷಕರು. 1962ರ ಕಾಯ್ದೆಯಡಿ ಬಂದ ಸ್ವಯಂಸೇವಕ ಪಡೆ ಅದು. ಆಷಾಢದ ಜಾತ್ರೆಗೆ ನಮ್ಮ ಬೆಟ್ಟದ ಮೆಟ್ಟಿಲುಗಳಲ್ಲಿ ನೂಕುನುಗ್ಗಲು ತಡೆಯುವವರು, ತಪ್ಪಿಸಿಕೊಂಡ ಮಕ್ಕಳನ್ನು ಮೈಕಿನ ಹತ್ತಿರ ಕರೆದೊಯ್ಯುವವರು ಇವರೇ. ಇವರಿಗೂ ಆಯುಧ ಕೊಡಬೇಕೆಂಬ ಮಾತು ಆಗಾಗ ಬರುತ್ತದೆ. ಅವರಲ್ಲಿ ಒಬ್ಬರನ್ನು ಮಾತಾಡಿಸಿ ನೋಡಿ, ಪಿಸ್ತೂಲಿನ ಸುದ್ದಿಯೇ ಎತ್ತುವುದಿಲ್ಲ. ಕರ್ತವ್ಯದ ದಿನಗಳಿಗೆ ಪೊಲೀಸರ ಕನಿಷ್ಠ ವೇತನಕ್ಕೆ ಸಮನಾದ ಭತ್ಯೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿತ್ತು. ಅವರು ಕೇಳುವುದು ತಿಂಗಳಲ್ಲಿ ಎಷ್ಟು ದಿನ ಡ್ಯೂಟಿ ಸಿಗುತ್ತದೆ, ದುಡ್ಡು ಯಾವಾಗ ಖಾತೆಗೆ ಬರುತ್ತದೆ, ಮಳೆಗೆ ಒಂದು ರೇನ್‌ಕೋಟ್ ಕೊಡುತ್ತಾರಾ ಎಂದು.